ಎಚ್ಚರವಿತ್ತು, ಕೈ ಮಾತ್ರ ಏಳಲಿಲ್ಲ: ಆ 'ಎರಡು ನಿಮಿಷದ ಇಂಜೆಕ್ಷನ್' ನಮ್ಮಮ್ಮನಿಗೂ ಕೊಡಿಸಬಹುದಾ?

ಪ್ರಶ್ನೆ: ನಮ್ಮಮ್ಮನಿಗೆ 62 ವರ್ಷ, ತೂಕ 60 ಕೆಜಿ. ಶುಗರ್ ಇದೆ, ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 1.5. ಹೋದ ವರ್ಷ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಸಿದೆವು. ಆಪರೇಷನ್ ಮುಗಿದು ಗಂಟಲಿನ ಪೈಪ್ ತೆಗೆದಾಗ ಅಮ್ಮನಿಗೆ ಎಚ್ಚರ ಇತ್ತಂತೆ. 'ಅಮ್ಮಾ, ಕಣ್ಣು ಬಿಡಿ, ಉಸಿರು ಎಳ್ಕೊಳ್ಳಿ' ಅಂತ ನರ್ಸ್ ಕೂಗಿದ್ದೆಲ್ಲ ಕೇಳಿಸುತ್ತಿತ್ತು, ಆದರೆ ರೆಪ್ಪೆ ಎತ್ತೋಕೂ ಆಗಲಿಲ್ಲ ಅನ್ನುತ್ತಾರೆ. ಮತ್ತೆ ಪೈಪ್ ಹಾಕಿ ಎರಡು ಗಂಟೆ ವೆಂಟಿಲೇಟರ್‌ನಲ್ಲಿ ಇಟ್ಟಿದ್ದರು. 'ಔಷಧಿ ಸ್ವಲ್ಪ ಜಾಸ್ತಿ ಹಿಡೀತು' ಅಂದರು, ಅಷ್ಟೇ. ಈಗ ಹರ್ನಿಯಾ ಆಪರೇಷನ್ ಆಗಬೇಕು, ಅಮ್ಮ ಒಪ್ಪುತ್ತಿಲ್ಲ. ನಾನು ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಸುಗಮಡೆಕ್ಸ್ ಅನ್ನೋ ಔಷಧಿ ಎರಡೇ ನಿಮಿಷದಲ್ಲಿ ಎಲ್ಲ ವಾಪಸ್ ತರುತ್ತೆ ಅಂತ ಓದಿದೆ. ಬೆಲೆ ಜಾಸ್ತಿ ಅಂತ ನಮಗೆ ಕೊಡಲಿಲ್ವಾ? ಈ ಸಲ ನಾವೇ ದುಡ್ಡು ಕೊಡ್ತೀವಿ ಅಂತ ಕೇಳಬಹುದಾ? ಅಮ್ಮನ ಕಿಡ್ನಿಗೆ ತೊಂದರೆ ಆಗುತ್ತಾ? ಇಂಥ ಅಣುವನ್ನು ಹೇಗೆ ಡಿಸೈನ್ ಮಾಡುತ್ತಾರೆ ಅನ್ನೋ ಕುತೂಹಲವೂ ಇದೆ.

ಉತ್ತರ:

ಮೊದಲು ಅಮ್ಮನಿಗೆ ಒಂದು ಮಾತು ಹೇಳಿಬಿಡಿ. ಅವರು ಕಂಡದ್ದು ಕನಸಲ್ಲ, ಭ್ರಮೆಯೂ ಅಲ್ಲ. ಎಚ್ಚರ ಇದ್ದು ಮೈ ಅಲ್ಲಾಡದೇ ಇರೋದು ನಿಜಕ್ಕೂ ಆಗುವಂಥದ್ದು, ಅದಕ್ಕೆ ಕಾರಣವೂ ಗೊತ್ತಿರುವಂಥದ್ದೇ. ಇದನ್ನು ಯಾರೂ ಕೂತು ಹೇಳದೇ ಹೋದರೆ ಮನುಷ್ಯರು ಆಮೇಲೆ ಆಪರೇಷನ್ ಅಂದರೇ ಹೆದರುತ್ತಾರೆ. ಅಮ್ಮ ಒಪ್ಪದೇ ಇರೋದರಲ್ಲಿ ನನಗೇನೂ ಆಶ್ಚರ್ಯ ಇಲ್ಲ.

ಜನ 'ಅನಸ್ತೇಷಿಯಾ' ಅಂತ ಒಂದೇ ಹೆಸರಲ್ಲಿ ಕರೆಯೋದು ಅಸಲಿಗೆ ಮೂರು ಕೆಲಸ. ನಿದ್ದೆ ಬರಿಸೋದು ಒಂದು, ನೋವು ತಡೆಯೋದು ಇನ್ನೊಂದು, ಸ್ನಾಯುಗಳನ್ನು ಸಡಿಲಗೊಳಿಸೋದು ಮೂರನೆಯದು. ಈ ಮೂರನೇ ಕೆಲಸ ಮಾಡುವ ಮಸಲ್ ರಿಲಾಕ್ಸಂಟ್‌ಗೆ ನಿದ್ದೆ ಬರಿಸುವ ಶಕ್ತಿ ಚೂರೂ ಇಲ್ಲ. 1947ರಲ್ಲಿ ಅಮೆರಿಕದಲ್ಲಿ ಸ್ಕಾಟ್ ಸ್ಮಿತ್ ಅನ್ನುವ ಅನಸ್ತೇಷಿಯಾ ವೈದ್ಯರು ತಮ್ಮ ಮೇಲೇ ನಡೆಸಿಕೊಂಡ ಪ್ರಯೋಗದ ವರದಿ ಬಂತು. ಪೂರ್ತಿ ಎಚ್ಚರ ಇದ್ದಾಗಲೇ ಕ್ಯುರಾರೆ ಅನ್ನುವ ಹಳೆಯ ರಿಲಾಕ್ಸಂಟ್ ಚುಚ್ಚಿಸಿಕೊಂಡು, ಬೆರಳೂ ಅಲ್ಲಾಡದ ಸ್ಥಿತಿಗೆ ಹೋಗಿ, ಆಮೇಲೆ ಎದ್ದು ಎಲ್ಲಾ ಕೇಳಿಸುತ್ತಿತ್ತು, ಎಲ್ಲಾ ಗೊತ್ತಾಗುತ್ತಿತ್ತು ಅಂದರು. ಅಮ್ಮನಿಗೂ ಆಗಿರೋದು ಹೆಚ್ಚುಕಮ್ಮಿ ಇದೇ ಇರಬೇಕು. ನಿದ್ದೆಯ ಔಷಧಿ ಇಳಿದಿದೆ, ಸ್ನಾಯುವಿನ ಔಷಧಿ ಪೂರ್ತಿ ಇಳಿದಿಲ್ಲ. ಹಾಗಾಗಿ 'ಅನಸ್ತೇಷಿಯಾ ಜಾಸ್ತಿ ಆಯ್ತು' ಅನ್ನೋದು ಸರಿಯಾದ ವಿವರಣೆ ಅಲ್ಲ. ಡೋಸ್ ಸರಿಯಾಗಿಯೇ ಇದ್ದಿರಬಹುದು. ಕಿಡ್ನಿ ನಿಧಾನ ಇದ್ದರೆ, ಮೈ ತಣ್ಣಗಾಗಿದ್ದರೆ, ಕೆಲವು ಆಂಟಿಬಯಾಟಿಕ್ ಅಥವಾ ಮೆಗ್ನೀಷಿಯಂ ಹೋಗಿದ್ದರೆ ಅದೇ ಡೋಸ್ ಹೆಚ್ಚು ಹೊತ್ತು ಹಿಡಿಯುತ್ತೆ.

ಈಗ ವಾಪಸ್ ತರುವ ವಿಷಯ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಬಂದು ಸ್ನಾಯುವಿನ ಮೇಲಿರುವ ಸೀಟಿನಲ್ಲಿ ಕೂತರೆ ಸ್ನಾಯು ಎಳೆದುಕೊಳ್ಳುತ್ತೆ. ರಿಲಾಕ್ಸಂಟ್ ಏನು ಮಾಡುತ್ತೆ ಅಂದರೆ, ಕಿಟಕಿಯಿಂದ ಬಸ್ಸಿನ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಹಾಗೆ. ತಾನು ಸ್ನಾಯುವನ್ನು ಓಡಿಸೋದಿಲ್ಲ, ಸೀಟು ಮಾತ್ರ ಬಿಡೋದಿಲ್ಲ. ಹಳೆಯ ರಿವರ್ಸಲ್ ನಿಯೋಸ್ಟಿಗ್ಮಿನ್ ಟವೆಲ್ ತೆಗೆಯೋದಿಲ್ಲ. ಅದು ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ತಡೆದು, ಬಸ್ಸಿನೊಳಗೆ ಜನ ಜಾಸ್ತಿ ಮಾಡುತ್ತೆ. ನೂಕುನುಗ್ಗಲಲ್ಲಿ ಟವೆಲ್ ತಾನಾಗಿ ಜಾರಲಿ ಅನ್ನೋ ಲೆಕ್ಕ. ಈ ಯೋಚನೆ ಹೊಸದೇನಲ್ಲ. 1900ರಲ್ಲೇ ವಿಯೆನ್ನಾದ ಯಾಕೋಬ್ ಪಾಲ್, ಕ್ಯಾಲಬಾರ್ ಬೀಜದ ವಿಷವಾದ ಫೈಸೊಸ್ಟಿಗ್ಮಿನ್ ಕ್ಯುರಾರೆಯನ್ನು ಇಳಿಸುತ್ತೆ ಅಂತ ಗಮನಿಸಿದ್ದರು. ನಿಯೋಸ್ಟಿಗ್ಮಿನ್ 1931ರದ್ದು. ಅಂದರೆ ಇಂದಿಗೂ ನಮ್ಮ ಎಷ್ಟೋ ಓಟಿಗಳಲ್ಲಿ ಕೆಲಸ ಮಾಡುತ್ತಿರೋದು ನಮ್ಮ ಅಜ್ಜಂದಿರ ಕಾಲದ ಔಷಧಿ.

ಅದರಲ್ಲಿ ಎರಡು ತೊಂದರೆ ಇದೆ. ಸೀಟುಗಳೆಲ್ಲ ಭರ್ತಿ ಆಗಿರುವಾಗ ಎಷ್ಟು ಜನರನ್ನು ತುಂಬಿದರೂ ಪ್ರಯೋಜನ ಇಲ್ಲ, ಔಷಧಿ ಅರ್ಧಕ್ಕಿಂತ ಜಾಸ್ತಿ ತಾನಾಗಿ ಇಳಿದಿರಬೇಕು. ಇನ್ನೊಂದು, ಅಸಿಟೈಲ್‌ಕೋಲಿನ್ ಸ್ನಾಯುವಿನಲ್ಲಿ ಮಾತ್ರ ಏರೋದಿಲ್ಲ, ಹೃದಯ, ಕರುಳು, ಜೊಲ್ಲುಗ್ರಂಥಿ ಎಲ್ಲ ಕಡೆ ಏರುತ್ತೆ. ಅದಕ್ಕೇ ನಾವು ಅನಸ್ತೇಷಿಯಾ ವೈದ್ಯರು ಜೊತೆಗೆ ಆ ಕಡೆಗಳ ಪರಿಣಾಮ ತಡೆಯುವ ಗ್ಲೈಕೋಪೈರೋಲೇಟ್ ಕೊಡುತ್ತೇವೆ. ಎರಡೂ ಬೆರೆಸಿದ ಆಂಪ್ಯೂಲ್ ನಮ್ಮಲ್ಲಿ ಸಿಗುತ್ತೆ.

ಇಲ್ಲಿಗೆ ನಿಮ್ಮ ಕೆಮಿಸ್ಟ್ರಿ ಬಂತು, ಸುಗಮಡೆಕ್ಸ್ ಹುಟ್ಟಿದ ಕಥೆ. ಸ್ಕಾಟ್ಲೆಂಡ್‌ನ ನ್ಯೂಹೌಸ್‌ನಲ್ಲಿ ಆರ್ಗನಾನ್ ಕಂಪನಿಯ ಲ್ಯಾಬ್ ಇತ್ತು. ರೊಕ್ಯುರೋನಿಯಂ, ವೆಕ್ಯುರೋನಿಯಂ ಅನ್ನುವ ರಿಲಾಕ್ಸಂಟ್‌ಗಳು ಎರಡೂ ಅದೇ ಕಂಪನಿಯವು. ಅಲ್ಲಿ ಆಂಟನ್ ಬೊಮ್ ಅನ್ನುವವರು ಸ್ಟೀರಾಯ್ಡ್ ರಚನೆಯ ಔಷಧಿಗಳನ್ನು ಕರಗಿಸಲು ಸೈಕ್ಲೋಡೆಕ್ಸ್ಟ್ರಿನ್ ಬಳಸುತ್ತಿದ್ದರು. ಪಿಷ್ಟದಿಂದ ಬರುವ, ಗ್ಲೂಕೋಸ್ ಅಣುಗಳು ಉಂಗುರವಾಗಿ ಕೂಡಿಕೊಂಡ ವಸ್ತು ಅದು. ಕೋಡುಬಳೆ ನೆನಪಿಸಿಕೊಳ್ಳಿ. ಹೊರಗಡೆ ನೀರಿಗೆ ಒಗ್ಗುತ್ತೆ, ಒಳಗಿನ ತೂತು ಎಣ್ಣೆಯಂಥ ವಸ್ತುಗಳಿಗೆ ಒಗ್ಗುತ್ತೆ. ಸ್ಟೀರಾಯ್ಡ್ ಹೋಗಿ ಆ ತೂತಿನಲ್ಲಿ ಕೂತರೆ ನೀರಿನಲ್ಲಿ ಕರಗಿದ ಹಾಗಾಯಿತು. ಬೊಮ್ ಅವರಿಗೆ ಹೊಳೆದದ್ದು ಇಷ್ಟೇ: ಲೋಟದಲ್ಲಿ ಹೀಗೆ ಹಿಡಿದುಕೊಳ್ಳೋದಾದರೆ, ರಕ್ತದೊಳಗೆ ಯಾಕೆ ಹಿಡಿಯಬಾರದು? ಅಲ್ಲಿಯತನಕ ಎಲ್ಲರೂ ಸೀಟಿನ ಹತ್ತಿರವೇ ಗುದ್ದಾಡುತ್ತಿದ್ದರು. ಇವರು ರಿಲಾಕ್ಸಂಟನ್ನೇ ಹಿಡಿದು ಬಸ್ಸಿನಿಂದ ಇಳಿಸೋಣ ಅಂದರು.

ಆರು ಗ್ಲೂಕೋಸಿನ ಆಲ್ಫಾ, ಏಳರ ಬೀಟಾ ಎರಡೂ ಕಿರಿದು. ಎಂಟರ ಗಾಮಾದಲ್ಲಿ ಸ್ಟೀರಾಯ್ಡಿನ ನಾಲ್ಕು ಉಂಗುರ ನುಸುಳುತ್ತೆ, ಆದರೆ ಆಳ ಸಾಲದು. 7.9 ಆಂಗ್‌ಸ್ಟ್ರಾಮ್ (ಅಣುಗಳನ್ನು ಅಳೆಯುವ ಮಾನ) ಅಷ್ಟೇ, ರೊಕ್ಯುರೋನಿಯಂ ಹೊರಗೆ ಇಣುಕುತ್ತೆ. ಅದಕ್ಕೆ ಉಂಗುರದ ಒಂದು ಅಂಚಿಗೆ ಎಂಟು ಬಾಲಗಳನ್ನು ಜೋಡಿಸಿದರು, ತಲಾ ಗ್ಲೂಕೋಸಿಗೆ ಒಂದೊಂದು. ಆಳ ಸುಮಾರು 11 ಆಂಗ್‌ಸ್ಟ್ರಾಮ್ ಆಯಿತು. ಬಾಲ ಗಂಧಕದ ಕೊಂಡಿಯಿಂದ ಅಂಟಿಕೊಂಡಿದೆ, ಪ್ರತಿಯೊಂದರ ತುದಿಗೂ ಋಣ ವಿದ್ಯುದಂಶದ ಕಾರ್ಬಾಕ್ಸಿಲೇಟ್ ಇದೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾಗೋದು ಈ ಒಂದು ಉಪಾಯ. ಬಾಲಗಳು ಒಳಗೆ ಮಡಚಿಕೊಂಡರೆ ತೂತು ಮುಚ್ಚಿಹೋಗುತ್ತಿತ್ತು. ಎಲ್ಲದಕ್ಕೂ ಋಣ ವಿದ್ಯುದಂಶ ಇರೋದರಿಂದ ಒಂದನ್ನೊಂದು ದೂರ ತಳ್ಳಿಕೊಂಡು ಬಾಯಿ ತೆರೆದೇ ಇರುತ್ತೆ. ರೊಕ್ಯುರೋನಿಯಂ ಒಳಗೆ ಬಂದ ಕೂಡಲೇ ಅದರ ಧನ ವಿದ್ಯುದಂಶದ ಸಾರಜನಕವನ್ನು ಅವೇ ತುದಿಗಳು ಹಿಡಿದುಕೊಳ್ಳುತ್ತವೆ. ಬಾವಿಗೆ ಬಿದ್ದ ಕೊಡ ಎತ್ತೋಕೆ ಪಾತಾಳಗರಡಿ ಇಳಿಬಿಡುತ್ತಿದ್ದರಲ್ಲ, ಒಂದು ಬಳೆಗೆ ಸುತ್ತಲೂ ಕೊಕ್ಕೆಗಳು? ಅಣುವಿನ ಅಳತೆಯಲ್ಲಿ ಇದು ಅದೇ. 2002ರಲ್ಲಿ ಈ ಕೆಲಸ ಪ್ರಕಟವಾಯಿತು. ಹೆಸರು ಕೇಳಿದರೆ ನಮ್ಮ 'ಸುಗಮ' ಅನ್ನಿಸುತ್ತೆ, ಆದರೆ ಅದು ಶುಗರ್, ಗಾಮಾ, ಡೆಕ್ಸ್ಟ್ರಿನ್ ಮೂರರ ತುಂಡು ಸೇರಿಸಿದ್ದು.

ಒಂದು ಸುಗಮಡೆಕ್ಸ್ ಒಂದೇ ರೊಕ್ಯುರೋನಿಯಂ ಹಿಡಿಯುತ್ತೆ. ಅಣುತೂಕ ಹಾಕಿ ನೋಡಿ: ಸುಗಮಡೆಕ್ಸ್ 2178, ರೊಕ್ಯುರೋನಿಯಂ ಬ್ರೋಮೈಡ್ 610. ಅಂದರೆ 1 ಮಿಲಿಗ್ರಾಂ ಹಿಡಿಯೋಕೆ ಸುಮಾರು 3.6 ಮಿಲಿಗ್ರಾಂ ಬೇಕು. 200 ಮಿಲಿಗ್ರಾಂನ ಒಂದು ವಯಲ್ ಸುಮಾರು 56 ಮಿಲಿಗ್ರಾಂ ರೊಕ್ಯುರೋನಿಯಂ ಹಿಡಿಯಬಲ್ಲದು. ರಕ್ತದಲ್ಲಿ ಬಿಡಿಯಾಗಿರೋದು ಖಾಲಿಯಾದ ಕೂಡಲೇ ಸ್ನಾಯುವಿನ ಹತ್ತಿರ ಇರೋದು ರಕ್ತಕ್ಕೆ ಇಳಿದು ಬರುತ್ತೆ, ಅದೂ ಸಿಕ್ಕಿಬೀಳುತ್ತೆ. ಹಾಗಾಗಿ ಇದಕ್ಕೆ ಅರ್ಧ ಇಳಿಯುವ ತನಕ ಕಾಯುವ ಹಂಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯಲ್ಲಿ ಪೂರ್ತಿ ಚೇತರಿಕೆಗೆ ಸುಗಮಡೆಕ್ಸ್‌ಗೆ ಸರಾಸರಿ 2 ನಿಮಿಷ ಹಿಡಿದರೆ ನಿಯೋಸ್ಟಿಗ್ಮಿನ್‌ಗೆ ಸುಮಾರು 13 ನಿಮಿಷ ಬೇಕಾಯಿತು. ಸ್ನಾಯು ಆಳವಾಗಿ ಸಡಿಲಗೊಂಡಿದ್ದಾಗ 3 ನಿಮಿಷದ ಎದುರು ಸುಮಾರು 49 ನಿಮಿಷ. ನೀವು ಓದಿದ 'ಎರಡು ನಿಮಿಷ' ಸುಳ್ಳಲ್ಲ.

ಆದರೆ 'ಎಲ್ಲ ವಾಪಸ್ ತರುತ್ತೆ' ಅನ್ನೋದು ಸುಳ್ಳು, ನಿಮ್ಮ ಇಡೀ ಪ್ರಶ್ನೆ ತಿರುಗೋದು ಇದರ ಮೇಲೆ. ಇದು ಅಳತೆ ಕೊಟ್ಟು ಹೊಲಿಸಿದ ಬಟ್ಟೆ. ರೊಕ್ಯುರೋನಿಯಂಗೆ ಹೊಲಿದದ್ದು, ವೆಕ್ಯುರೋನಿಯಂಗೂ ಪರವಾಗಿಲ್ಲ. ನಮ್ಮ ಕಡೆ ತುಂಬ ಬಳಕೆಯಲ್ಲಿರುವ ಅಟ್ರಾಕ್ಯುರಿಯಂ, ಅದರ ತಮ್ಮ ಸಿಸ್‌ಅಟ್ರಾಕ್ಯುರಿಯಂ ಈ ತೂತಿನೊಳಗೆ ಹೋಗೋದೇ ಇಲ್ಲ. ಅವುಗಳಲ್ಲಿ ಸ್ಟೀರಾಯ್ಡಿನ ಸಪೂರ ಮೈ ಇಲ್ಲ. ಉದ್ದ ಹಗ್ಗದ ಎರಡೂ ತುದಿಗೆ ದಪ್ಪ ದಪ್ಪ ಗಂಟು ಕಟ್ಟಿದ ಹಾಗಿರುತ್ತವೆ. ಹೋದ ವರ್ಷ ಅಮ್ಮನಿಗೆ ಅಟ್ರಾಕ್ಯುರಿಯಂ ಕೊಟ್ಟಿದ್ದರೆ, ನೀವು ಲಕ್ಷ ರೂಪಾಯಿ ಇಟ್ಟುಕೊಂಡು ಓಟಿ ಬಾಗಿಲಲ್ಲಿ ನಿಂತಿದ್ದರೂ ಸುಗಮಡೆಕ್ಸ್‌ನಿಂದ ಏನೂ ಆಗುತ್ತಿರಲಿಲ್ಲ. ಹಾಗಾಗಿ ದುಡ್ಡಿಗೋಸ್ಕರ ಕೊಡಲಿಲ್ಲ ಅಂತ ಈಗಲೇ ತೀರ್ಮಾನ ಮಾಡಬೇಡಿ. ಬೆಲೆ ನಿಯೋಸ್ಟಿಗ್ಮಿನ್‌ಗಿಂತ ಹತ್ತಾರು ಪಟ್ಟು ಜಾಸ್ತಿ ಅನ್ನೋದು ನಿಜ, ಸಣ್ಣ ಊರುಗಳ ಆಸ್ಪತ್ರೆಯಲ್ಲಿ ಸ್ಟಾಕ್ ಇರದೇ ಇರಬಹುದು ಅನ್ನೋದೂ ನಿಜ. ಆದರೆ ಅದಕ್ಕಿಂತ ಮೊದಲು ಗೊತ್ತಾಗಬೇಕಾದ್ದು ಅವತ್ತು ಯಾವ ರಿಲಾಕ್ಸಂಟ್ ಹೋಗಿತ್ತು ಅನ್ನೋದು.

ಇನ್ನೊಂದು ಸಾಧ್ಯತೆ ಇದೆ, ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಪೈಪ್ ಹಾಕುವಾಗ ಬೇಗ ಹಿಡಿಯಲಿ ಅಂತ ಸ್ಕೋಲಿನ್, ಅಂದರೆ ಸಕ್ಸಿನಿಲ್‌ಕೋಲಿನ್ ಕೊಟ್ಟಿದ್ದರೆ? ಅದು ಸಾಮಾನ್ಯರಲ್ಲಿ ಐದು ಹತ್ತು ನಿಮಿಷಕ್ಕೆ ಇಳಿಯುತ್ತೆ, ಯಾಕೆಂದರೆ ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆಯುತ್ತೆ. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವ ಕಮ್ಮಿ. ಅಂಥವರಲ್ಲಿ ಅದೇ ಡೋಸ್ ಗಂಟೆಗಟ್ಟಲೆ ಹಿಡಿಯುತ್ತೆ. ಎರಡು ಗಂಟೆ ವೆಂಟಿಲೇಟರ್ ಅಂದಾಗ ನಮ್ಮಂಥವರಿಗೆ ಇದು ನೆನಪಾಗದೇ ಇರೋದಿಲ್ಲ. ಜಾತಿ ವಿಚಾರಿಸುತ್ತಿದ್ದೇನೆ ಅಂದುಕೊಳ್ಳಬೇಡಿ, ಇದು ಶುದ್ಧ ವಂಶವಾಹಿ ಲೆಕ್ಕ: ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕಿಣ್ವದ ಕೊರತೆ ಬೇರೆ ಜನಗಳಿಗಿಂತ ತುಂಬ ಜಾಸ್ತಿ ಅಂತ 2006ರಲ್ಲೇ ಸಂಶೋಧಕರು ಬರೆದಿದ್ದಾರೆ. ಒಳಗೊಳಗೇ ಮದುವೆ ಆಗುತ್ತಾ ಬಂದಿದ್ದು ಕಾರಣ. ಬೇರೆಯವರಲ್ಲಿ ಇಲ್ಲ ಅಂತಲ್ಲ, ಅಪರೂಪ. ಸ್ಯೂಡೋಕೋಲಿನೆಸ್ಟರೇಸ್ ಅನ್ನುವ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಖರ್ಚೂ ಹೆಚ್ಚಲ್ಲ. ಅಮ್ಮನಿಗೆ ಕಮ್ಮಿ ಬಂದರೆ ನೀವೂ ಮಾಡಿಸಿಕೊಳ್ಳಿ, ಚಿಕ್ಕಮ್ಮ, ಮಾವ ಯಾರಿದ್ದಾರೋ ಅವರಿಗೂ ಹೇಳಿ. ಸ್ಕೋಲಿನ್‌ಗೂ ಸುಗಮಡೆಕ್ಸ್ ಕೆಲಸ ಮಾಡೋದಿಲ್ಲ. ಉಸಿರಾಟ ನೋಡಿಕೊಂಡು, ನಿದ್ದೆ ಬರಿಸಿ, ಕಾಯೋದೇ ದಾರಿ.

ಕಿಡ್ನಿ ಬಗ್ಗೆ ಕೇಳಿದ್ದೀರಿ. ಸುಗಮಡೆಕ್ಸ್ ಹಿಡಿದುಕೊಂಡ ರೊಕ್ಯುರೋನಿಯಂ ಸಮೇತ ಮೂತ್ರದಲ್ಲೇ ಹೋಗಬೇಕು. ಅಮ್ಮನ ವಯಸ್ಸು, ತೂಕ, ಕ್ರಿಯಾಟಿನಿನ್ ಹಾಕಿ ಲೆಕ್ಕ ಮಾಡಿದರೆ ಕ್ಲಿಯರೆನ್ಸ್, ಅಂದರೆ ಕಿಡ್ನಿ ರಕ್ತ ಶುದ್ಧ ಮಾಡುವ ವೇಗ, ನಿಮಿಷಕ್ಕೆ ಸುಮಾರು 37 ಮಿಲಿ ಬರುತ್ತೆ. 30ಕ್ಕಿಂತ ಕೆಳಗಿದ್ದರೆ ಬೇಡ ಅಂತ ಔಷಧಿಯ ಲೇಬಲ್‌ನಲ್ಲೇ ಇದೆ. ಅಮ್ಮ ಗೆರೆಯ ಈಚೆ ಇದ್ದಾರೆ, ಆದರೆ ತೀರಾ ದೂರ ಏನಿಲ್ಲ. ಆಪರೇಷನ್‌ಗೆ ಮೊದಲು ಹೊಸದಾಗಿ ರಕ್ತಪರೀಕ್ಷೆ ಆಗಲಿ. ಇಲ್ಲೊಂದು ತಮಾಷೆ ಇದೆ ನೋಡಿ: ಕಿಡ್ನಿ ಸರಿ ಇಲ್ಲದವರಿಗೆ ನಾವು ಸಾಮಾನ್ಯವಾಗಿ ಇಷ್ಟಪಡೋದು ಅಟ್ರಾಕ್ಯುರಿಯಂ ಗುಂಪನ್ನೇ. ದೇಹದ ಬಿಸಿ ಮತ್ತು ಪಿಎಚ್‌ಗೆ ಅದು ತಾನಾಗಿ ಒಡೆದುಹೋಗುತ್ತೆ, ನೀವು ಕ್ಲಾಸಿನಲ್ಲಿ ಓದಿರುವ ಹಾಫ್‌ಮನ್ ಎಲಿಮಿನೇಷನ್. ಕಿಡ್ನಿಗೆ ಒಳ್ಳೆಯದನ್ನು ಆರಿಸಿದರೆ ಕೊಕ್ಕೆಗೆ ಸಿಗೋದಿಲ್ಲ, ಕೊಕ್ಕೆಗೆ ಸಿಗೋದನ್ನು ಆರಿಸಿದರೆ ಕಿಡ್ನಿ ನೋಡಿಕೊಳ್ಳಬೇಕು.

ಅಪಾಯ ಏನೂ ಇಲ್ಲ ಅಂತಲೂ ಅಲ್ಲ. ಯುರೋಪಿನಲ್ಲಿ 2008ರಲ್ಲೇ ಒಪ್ಪಿಗೆ ಸಿಕ್ಕಿದ ಔಷಧಿ ಅಮೆರಿಕಕ್ಕೆ ಬರಲು 2015ರ ಡಿಸೆಂಬರ್ ಆಯಿತು. ಮುಖ್ಯ ಕಾರಣ ಅಲರ್ಜಿಯ ಪ್ರಶ್ನೆ. ಆರೋಗ್ಯವಂತ ಸ್ವಯಂಸೇವಕರ ಒಂದು ಅಧ್ಯಯನದಲ್ಲಿ 299 ಜನರಲ್ಲಿ ಒಬ್ಬರಿಗೆ ತೀವ್ರ ಅಲರ್ಜಿ ಆಯಿತು. ಬ್ರಿಟನ್ನಿನ ದೊಡ್ಡ ಸಮೀಕ್ಷೆಯಲ್ಲಿ ಸುಮಾರು 64,000 ಬಳಕೆಗೆ ಒಂದು. ಎರಡಕ್ಕೂ ಎಷ್ಟು ಅಂತರ ನೋಡಿ. ಮೊದಲನೆಯದರಲ್ಲಿ ಡೋಸ್ ದೊಡ್ಡದು, ಮತ್ತೆ ಮತ್ತೆ ಕೊಟ್ಟಿದ್ದರು. ಕೆಲವರಿಗೆ ನಾಡಿ ಇದ್ದಕ್ಕಿದ್ದ ಹಾಗೆ ನಿಧಾನ ಆಗುತ್ತೆ, ಅದಕ್ಕೆ ಸಿರಿಂಜಿನಲ್ಲಿ ಔಷಧಿ ತುಂಬಿಟ್ಟುಕೊಂಡೇ ಕೊಡುತ್ತೇವೆ. ಸುಗಮಡೆಕ್ಸ್ ಲೆಕ್ಕಕ್ಕಿಂತ ಕಮ್ಮಿ ಕೊಟ್ಟರೆ ಇಳಿದ ರಿಲಾಕ್ಸಂಟ್ ವಾರ್ಡಿನಲ್ಲಿ ಮತ್ತೆ ಏರಬಹುದು. ವಯಲ್ ಉಳಿಸೋಣ ಅಂತ ಅರ್ಧ ಡೋಸ್ ಕೊಡೋದು ನನಗಂತೂ ಸುತರಾಂ ಒಪ್ಪಿಗೆ ಇಲ್ಲ. ಅಮ್ಮನಿಗೆ ಸಂಬಂಧ ಇಲ್ಲ, ಆದರೂ ಓದುತ್ತಿರುವ ಹೆಣ್ಣುಮಕ್ಕಳಿಗೆ: ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಕೂಡ ಸ್ಟೀರಾಯ್ಡ್ ತಾನೇ, ಸುಗಮಡೆಕ್ಸ್ ಅದನ್ನೂ ಒಂದಿಷ್ಟು ಹಿಡಿಯುತ್ತೆ. ಮುಂದಿನ 7 ದಿನ ಹಾರ್ಮೋನ್ ಇಲ್ಲದ ಬೇರೆ ವಿಧಾನವನ್ನೂ ಬಳಸಬೇಕು. ಇದನ್ನು ಡಿಸ್ಚಾರ್ಜ್ ಹೊತ್ತಿಗೆ ಹೇಳೋಕೆ ಎಷ್ಟೋ ಕಡೆ ಮರೆತೇ ಹೋಗುತ್ತಾರೆ.

ಹಾಗಾದರೆ ಎಲ್ಲವನ್ನೂ ಹಿಡಿಯುವ ಅಣು ಮಾಡಬಾರದಾ ಅಂತ ನೀವು ಕೇಳೇ ಕೇಳುತ್ತೀರಿ. ಮಾಡಿದ್ದಾರೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲೈಲ್ ಐಸಾಕ್ಸ್ ಅವರ ಗುಂಪು ಕುಕರ್ಬಿಟುರಿಲ್ ಕುಟುಂಬದಿಂದ ಕ್ಯಾಲಬೇಡಿಯಾನ್ ಅನ್ನುವ ಅಣುಗಳನ್ನು ಕಟ್ಟಿತು. ಕುಕರ್ಬಿಟ್ ಅಂದರೆ ಕುಂಬಳದ ಜಾತಿ, ಅಣು ಕುಂಬಳಕಾಯಿ ತರಹ ಕಾಣೋದರಿಂದ ಆ ಹೆಸರು. ಇವರು ಉಂಗುರವನ್ನು ಪೂರ್ತಿ ಮುಚ್ಚದೆ ಒಂದು ಕಡೆ ಬಿಟ್ಟಿದ್ದಾರೆ. ಹಾಗಾಗಿ ಅದು ಕೈಬೆರಳಿನ ಹಾಗೆ ಹಿಗ್ಗಿ ಕುಗ್ಗಿ ಸಪೂರದ್ದನ್ನೂ ದಪ್ಪದ್ದನ್ನೂ ಹಿಡಿಯುತ್ತೆ. ಎರಡನೇ ಕ್ಯಾಲಬೇಡಿಯಾನ್ ಇಲಿಗಳಲ್ಲಿ ರೊಕ್ಯುರೋನಿಯಂ, ಸಿಸ್‌ಅಟ್ರಾಕ್ಯುರಿಯಂ ಎರಡನ್ನೂ ಇಳಿಸಿತು, ರೊಕ್ಯುರೋನಿಯಂ ಮೇಲಿನ ಹಿಡಿತ ಸುಗಮಡೆಕ್ಸ್‌ಗಿಂತ ಸುಮಾರು 89 ಪಟ್ಟು ಗಟ್ಟಿ. ಆಸ್ಪತ್ರೆಗೆ ಇನ್ನೂ ಬಂದಿಲ್ಲ. ಕೈ ದೊಡ್ಡದಾದಷ್ಟೂ ಬೇಡದ್ದೂ ಸಿಗುತ್ತೆ, ರೋಗಿಗೆ ಅದೇ ಹೊತ್ತಿಗೆ ಹೋಗುತ್ತಿರುವ ಬೇರೆ ಔಷಧಿ ಹಿಡಿದುಬಿಟ್ಟರೆ? ನನ್ನ ಪ್ರಕಾರ ಇಂಥ ಡಿಸೈನ್‌ನಲ್ಲಿ ಕಷ್ಟದ ಭಾಗ ಯಾವುದನ್ನು ಬಿಡಬೇಕು ಅನ್ನೋದು. ಇನ್ನೊಂದು ದಾರಿ ಇದಕ್ಕೆ ತದ್ವಿರುದ್ಧ: ರಿಲಾಕ್ಸಂಟನ್ನೇ ಹೊಸದಾಗಿ ಕಟ್ಟಿ, ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಚುಚ್ಚಿದ ಕೂಡಲೇ ಕೆಡುವ ಹಾಗೆ ಮಾಡೋದು. ಗ್ಯಾಂಟಕ್ಯುರಿಯಂ ಗುಂಪಿನದ್ದು ಆ ಕಥೆ. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದನ್ನು ಓದಿ, ಚೆನ್ನಾಗಿದೆ.

ಈಗ ಅಮ್ಮನ ಹರ್ನಿಯಾ. ಸಣ್ಣದಿದ್ದು, ಓಪನ್ ಆಪರೇಷನ್ ಆದರೆ, ಹರ್ನಿಯಾ ಎಲ್ಲಿದೆ ಅನ್ನೋದರ ಮೇಲೆ ಬೆನ್ನಿಗೆ ಕೊಡುವ ಸ್ಪೈನಲ್‌ನಲ್ಲೇ ಮುಗಿಯಬಹುದು. ಆಗ ರಿಲಾಕ್ಸಂಟೇ ಬೇಡ. ಇದನ್ನು ಮೊದಲು ಕೇಳಿ. ಲ್ಯಾಪ್ರೋಸ್ಕೋಪಿ ಅಂದರೆ ಜನರಲ್ ಅನಸ್ತೇಷಿಯಾ ಬೇಕಾಗುತ್ತೆ. ಆಗ ನೀವು 'ಆ ಹೊಸ ಇಂಜೆಕ್ಷನ್ ಇದೆಯಾ' ಅಂತ ಶುರು ಮಾಡಬೇಡಿ. 'ಯಾವ ರಿಲಾಕ್ಸಂಟ್ ಕೊಡ್ತೀರಿ ಡಾಕ್ಟ್ರೇ, ಅದಕ್ಕೆ ರಿವರ್ಸಲ್ ಯಾವುದು, ಪೈಪ್ ತೆಗೆಯೋ ಮೊದಲು ಅಳೆದು ನೋಡ್ತೀರಾ?' ಅಂತ ಕೇಳಿ.

ಅಳೆಯೋದು ಅಂದೆ. ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆಗೆ ಎರಡು ಅಂಟುಪಟ್ಟಿ ಹಚ್ಚಿ ಅರ್ಧರ್ಧ ಸೆಕೆಂಡಿಗೆ ಒಂದರಂತೆ ನಾಲ್ಕು ಸಣ್ಣ ಕರೆಂಟ್ ಕೊಡುತ್ತೇವೆ. ಹೆಬ್ಬೆರಳು ನಾಲ್ಕು ಸಲ ಕುಣಿಯುತ್ತೆ. ಔಷಧಿ ಉಳಿದಿದ್ದರೆ ನಾಲ್ಕನೆಯದು ಮೊದಲನೆಯದಕ್ಕಿಂತ ಸೋತಿರುತ್ತೆ. ಎರಡರ ಅನುಪಾತ 0.9 ಮುಟ್ಟಬೇಕು. ನಾನು ಪಿಜಿ ಮಾಡುವಾಗ 'ಐದು ಸೆಕೆಂಡ್ ತಲೆ ಎತ್ತಿ ಹಿಡೀರಿ' ಅಂತ ಹೇಳಿ, ಎತ್ತಿದರೆ ಸಾಕು ಅಂತ ಪೈಪ್ ತೆಗೆಯುತ್ತಿದ್ದೆವು. ಅನುಪಾತ 0.6ರ ಆಸುಪಾಸು ಇದ್ದಾಗಲೇ ತಲೆ ಎತ್ತಬಹುದು ಅಂತ ಆಮೇಲೆ ಓದಿದಾಗ, ಹಿಂದಿನ ಎಷ್ಟೋ ಮುಖಗಳು ನೆನಪಾಗಿ ಒಂಥರಾ ಆಯಿತು. ಬೆರಳಿನ ಕುಣಿತವನ್ನು ಬರೀ ಕಣ್ಣಲ್ಲಿ ನೋಡಿದರೂ ಸಾಲದು. 0.4 ದಾಟಿದ ಮೇಲೆ ಸೋತದ್ದು ನಮ್ಮ ಕಣ್ಣಿಗೆ ಕಾಣೋದಿಲ್ಲ, ಅಂಕಿ ತೋರಿಸುವ ಯಂತ್ರವೇ ಬೇಕು. ಅಮೆರಿಕದ ಅನಸ್ತೇಷಿಯಾ ವೈದ್ಯರ ಸಂಘ 2023ರ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದೆ. ಔಷಧಿ ಬಹುಪಾಲು ಇಳಿದು ಸ್ವಲ್ಪ ಮಾತ್ರ ಉಳಿದಿದ್ದರೆ ನಿಯೋಸ್ಟಿಗ್ಮಿನ್ ಕೂಡ ಆಗುತ್ತೆ ಅಂತಲೂ ಅದರಲ್ಲಿದೆ. ಅಟ್ರಾಕ್ಯುರಿಯಂ ಕೊಟ್ಟು, ಅಳೆದು, ನಿಯೋಸ್ಟಿಗ್ಮಿನ್ ಕೊಟ್ಟು, 0.9 ಬರುವ ತನಕ ತಾಳ್ಮೆಯಿಂದ ಕಾಯುವ ಡಾಕ್ಟರ್, ಅಳೆಯದೇ ಸುಗಮಡೆಕ್ಸ್ ಹೊಡೆಯುವವರಿಗಿಂತ ನನಗೆ ಎಷ್ಟೋ ಮೇಲು. ಅಮ್ಮನಿಗೆ ನಾನೇ ಕೊಡುವುದಾದರೆ? ಕ್ರಿಯಾಟಿನಿನ್ ಈಗಿನದಕ್ಕಿಂತ ಏರಿಲ್ಲದಿದ್ದರೆ ರೊಕ್ಯುರೋನಿಯಂ, ಸುಗಮಡೆಕ್ಸ್, ಅಳತೆ ಮೂರೂ. ಏರಿದ್ದರೆ ಸಿಸ್‌ಅಟ್ರಾಕ್ಯುರಿಯಂ ಮತ್ತು ಅಳತೆ. ಕಿಣ್ವದ ರಿಪೋರ್ಟ್ ಬರುವ ತನಕ ಸ್ಕೋಲಿನ್ ಮುಟ್ಟುವುದಿಲ್ಲ.

ನೀವು ಈ ವಾರ ಮಾಡಬೇಕಾದ್ದು ಒಂದೇ ಕೆಲಸ. ಹೋದ ಸಲದ ಆಸ್ಪತ್ರೆಗೆ ಹೋಗಿ ರೆಕಾರ್ಡ್ ಸೆಕ್ಷನ್‌ನಲ್ಲಿ ಅನಸ್ತೇಷಿಯಾ ಚಾರ್ಟ್‌ನ ನಕಲು ಕೇಳಿ. ಡಿಸ್ಚಾರ್ಜ್ ಸಮ್ಮರಿ ಸಾಲದು, ಅದರಲ್ಲಿ ಈ ಔಷಧಿಗಳ ಹೆಸರು ಇರೋದಿಲ್ಲ. ಜಗಳಕ್ಕೆ ಬಂದಿದ್ದೀರಿ ಅಂತ ಅವರಿಗೆ ಅನ್ನಿಸದಿರಲಿ, ಮುಂದಿನ ಆಪರೇಷನ್‌ಗೆ ಬೇಕು ಅಂತ ಹೇಳಿ ಅರ್ಜಿ ಬರೆದುಕೊಡಿ, ಕೊಡುತ್ತಾರೆ. ಪಿಎಸಿಗೆ, ಅಂದರೆ ಆಪರೇಷನ್‌ಗೆ ಮೊದಲಿನ ಅನಸ್ತೇಷಿಯಾ ತಪಾಸಣೆಗೆ, ಹೋಗುವ ದಿನ ಅದನ್ನು ಮೇಲೇ ಇಟ್ಟುಕೊಳ್ಳಿ, ಅಮ್ಮನಿಗೆ ಆದದ್ದನ್ನು ಅವರ ಬಾಯಲ್ಲೇ ಹೇಳಿಸಿ. ಚಾರ್ಟ್ ಸಿಕ್ಕರೆ ಔಷಧಿ ಬರೆದಿರುವ ಸಾಲಿನ ಫೋಟೋ ತೆಗೆದು ನನಗೂ ಕಳಿಸಿ, ಅಮ್ಮನ ಹೆಸರು ಮುಚ್ಚಿ. ಓದಲು ಬಾರದಿದ್ದರೂ ಪರವಾಗಿಲ್ಲ, ನಮ್ಮವರ ಕೈಬರಹ ನನಗೆ ಅಭ್ಯಾಸ ಇದೆ.